ಓಬಳಮ್ಮನ ಟ್ಯಾಂಕಿನ ಬಿಳುಪು

೧

ಬಿಯರಿನಿಂದ ಶುರು ಮಾಡಲೇ, ನೀರಿನಿಂದ ಶುರು ಮಾಡಲೇ?

ಬಿಯರಿನಿಂದ ಶುರು ಮಾಡಿದರೆ ನೀವು ನನ್ನನ್ನೇ ಒಂದು ಥರಾ ನೋಡುತ್ತೀರಿ. ಮರಳೂರಿನಲ್ಲಿ ಮೊಮ್ಮಕ್ಕಳಿಗೆ ಮುದ್ದೆ ತಿರುವಿಕೊಂಡು ಇರಬೇಕಾದ ಹೆಂಗಸಿಗೆ ಬಿಯರಿನ ಉಸಾಬರಿ ಯಾಕೆ ಎನ್ನುತ್ತೀರಿ. ನೀರಿನಿಂದ ಶುರು ಮಾಡಿದರೆ ಪುಟ ತಿರುಗಿಸುತ್ತೀರಿ. ನೀರಿನ ಗೋಳು ಕೇಳಿ ಕೇಳಿ ನಿಮಗೆ ಸಾಕಾಗಿದೆ. ರಾತ್ರಿ ಶಾಲೆಯ ಮೇಷ್ಟ್ರು ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಲೇಬೇಕು ಎನ್ನುತ್ತಿದ್ದರು. ನನಗೆ ಪೀಠಿಕೆಯಲ್ಲೇ ಕರೆಂಟು ಹೋಗುತ್ತಿತ್ತು. (ಉಪಸಂಹಾರದ ಮಾತು ಆಮೇಲೆ. ಅದರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.)

ಪಾತ್ರೆಯಿಂದ ಶುರು ಮಾಡುತ್ತೇನೆ, ಆಗಬಹುದಾ?

ನಿಮ್ಮ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬೋರ್ ನೀರಾದರೆ ಬೆಳ್ಳಗೆ ಸುಣ್ಣ ಕಟ್ಟಿರುತ್ತದೆ. ಪುಸ್ತಕದಲ್ಲಿ ಅದಕ್ಕೆ ಗಡಸು ನೀರು ಎನ್ನುತ್ತಾರೆ, ನಾವು ಉಪ್ಪುನೀರು ಎನ್ನುತ್ತೇವೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ತಲೆಗೂದಲು ತೆಂಗಿನ ನಾರಾಗುತ್ತದೆ. ಪಾತ್ರೆಗಾದರೆ ಹುಣಸೆಹಣ್ಣು ಹಾಕಿ ಉಜ್ಜುತ್ತೀರಿ. ಈಗ ಅದೇ ಪಾತ್ರೆ ಅರ್ಧ ತೆಂಗಿನಮರದಷ್ಟು ಎತ್ತರ ಇದೆ ಎಂದುಕೊಳ್ಳಿ. ಸ್ಟೀಲಿನದು. ಅದರೊಳಗೆ ಬಿಯರ್ ಹುದುಗುತ್ತದೆ. ಖಾಲಿಯಾದ ಮೇಲೆ ಅದನ್ನು ತೊಳೆಯುವವಳು ಓಬಳಮ್ಮ. ಶಿವರಾತ್ರಿ ಕಳೆದಾಗಿನಿಂದ ಅವಳು ಎಷ್ಟು ತೊಳೆದರೂ ಒಳಗೆ ಬೆಳ್ಳಗೆ ಪೊರೆ ಉಳಿಯುತ್ತಿದೆ.

ಪೊರೆ ಹೋಗದಿದ್ದರೆ ಓಬಳಮ್ಮ ಹೋಗಬೇಕು. ಬರೀ ಹೋಗುವುದಲ್ಲ, ಕಳ್ಳಿ ಎನ್ನಿಸಿಕೊಂಡು ಹೋಗಬೇಕು. ಇಷ್ಟೇ ಕಥೆ. ಉಳಿದದ್ದೆಲ್ಲ ಯಾರನ್ನು ಅನುಮಾನಿಸುವುದು ಎನ್ನುವ ಲೆಕ್ಕಾಚಾರ.

೨

ಓಬಳಮ್ಮ ನಾನು ಹುಟ್ಟಿಸಿದವಳು. ಈ ಮಾತನ್ನು ಅವಳೆದುರು ಆಡುವಂತಿಲ್ಲ. "ನಮ್ಮವ್ವ ಗೂಳೂರಾಗೆ ಹೆತ್ತವ್ಳೆ ನನ್ನ. ನೀವ್ಯಾವಾಗ ಹುಟ್ಸುದ್ರಿ?" ಎಂದು ಮೊದಲ ದಿನವೇ ಬಾಯಿ ಮುಚ್ಚಿಸಿದಳು. ನಾನು ಬರೆಯುವುದು ಅಡುಗೆಮನೆಯ ಮೇಜಿನ ಮೇಲೆ. ಅದಕ್ಕೇ ಇರಬೇಕು, ನನ್ನ ಪಾತ್ರಗಳೆಲ್ಲ ಹಿತ್ತಲ ಬಾಗಿಲಿನಿಂದ ಬರುತ್ತವೆ. ಓಬಳಮ್ಮನಿಗೆ ಅಂತ ಒಂದು ಕುರ್ಚಿ ಬರೆದಿಟ್ಟಿದ್ದೇನೆ. ಕೂರುವುದಿಲ್ಲ. ನೆಲದ ಮೇಲೆ, ಗೋಡೆಗೊರಗಿ, ಕಾಲು ಚಾಚಿ ಕೂರುತ್ತಾಳೆ.

ಅವಳ ಫ್ಯಾಕ್ಟರಿ ಗುಬ್ಬಿ ರಸ್ತೆಯಲ್ಲಿದೆ. ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ, ಅದೂ ನಾನೇ ಕಟ್ಟಿದ್ದು. ಅಲ್ಲಿ ಟ್ಯಾಂಕ್ ತೊಳೆಯುವುದೆಂದರೆ ಒಳಗಿಳಿದು ತಿಕ್ಕುವುದಲ್ಲ. ಪೈಪು ಸಿಕ್ಕಿಸಿ, ಬಿಸಿನೀರಿಗೆ ಕಾಸ್ಟಿಕ್ ಸೋಡಾ ಬೆರೆಸಿ ಪಂಪು ಹಾಕಿದರೆ, ಮೇಲಿರುವ ತೂತುಗಳ ಉಂಡೆಯಿಂದ ನೀರು ಸುತ್ತಲೂ ಚಿಮ್ಮಿ ಗೋಡೆಗೆ ಬಡಿಯುತ್ತದೆ. ಆಮೇಲೆ ಬರೀ ನೀರು. ಆಮೇಲೆ ಆಸಿಡ್. ಮತ್ತೆ ನೀರು. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಮುಖ ಕಾಣಬೇಕು. ನೀರು ಗಡಸಾಗಿದ್ದರೆ ಕಾಸ್ಟಿಕ್ ಜೊತೆ ಸೇರಿಕೊಂಡು ಸುಣ್ಣ ಬಳಿದ ಹಾಗೆ ಪೊರೆ ಬಿಡುತ್ತದೆ. ಪೊರೆಯ ಅಡಿಯಲ್ಲಿ ಹಿಂದಿನ ಬಿಯರಿನ ಕೊಳೆ ಅವಿತು ಕೂತು ಮುಂದಿನ ಬಿಯರನ್ನು ಹುಳಿ ಹಿಡಿಸುತ್ತದೆ.

ಅದಕ್ಕೇ ಬೋರಿನ ನೀರನ್ನು ಮೊದಲು ಸಾಫ್ಟ್‌ನರ್ ಎನ್ನುವ ಒಂದು ಉದ್ದನೆಯ ಸಿಲಿಂಡರಿಗೆ ಬಿಡುತ್ತಾರೆ. ಒಳಗೆ ಸಬ್ಬಕ್ಕಿಯಂಥ ಮಣಿಗಳು. ಅವು ನೀರಿನ ಸುಣ್ಣವನ್ನು ಹಿಡಿದಿಟ್ಟುಕೊಂಡು ಮೆದು ನೀರು ಬಿಡುತ್ತವೆ. ಹೊಟ್ಟೆ ತುಂಬಿದ ಮೇಲೆ ಹಿಡಿಯುವುದಿಲ್ಲ. ಆಗ ಅವಕ್ಕೆ ಗಟ್ಟಿ ಉಪ್ಪಿನ ನೀರು ಕುಡಿಸಬೇಕು. ವಿಷ ಕುಡಿದವರಿಗೆ ನಮ್ಮ ಕಡೆ ಕುಡಿಸುತ್ತಿದ್ದರಲ್ಲ, ಹಾಗೆ. ಹಿಡಿದದ್ದನ್ನೆಲ್ಲ ಕಕ್ಕಿ ಮತ್ತೆ ಹಸಿಯುತ್ತವೆ.

(ಉಪ್ಪುನೀರನ್ನು ಸರಿ ಮಾಡಲು ಮೂಟೆಗಟ್ಟಲೆ ಉಪ್ಪು ಎಂದಾಗ ಫ್ಯಾಕ್ಟರಿಯವರೆಲ್ಲ ಮುಖ ಮುಖ ನೋಡಿಕೊಂಡರು. ಯಾರೋ ಉಪ್ಪಿನ ಏಜೆನ್ಸಿಯವನು ಮಾಲೀಕರಿಗೆ ಟೋಪಿ ಹಾಕುತ್ತಿದ್ದಾನೆ ಎಂದು ಬಹಳ ದಿನ ನಂಬಿದ್ದರು. ನಾನೂ.)

೩

ಈಗ ಪಲ್ಲವಿಯನ್ನು ಕರೆಯುತ್ತೇನೆ. ಬಿಯರ್ ತಯಾರಿಸುವುದೂ ಅದರ ಗುಣಮಟ್ಟ ನೋಡುವುದೂ ಅವಳ ಕೆಲಸ. ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಬೆಳಿಗ್ಗೆ ಬಂದ ಕೂಡಲೇ ಸಾಫ್ಟ್‌ನರಿನ ನೀರು ಸಣ್ಣ ಸೀಸೆಯಲ್ಲಿ ಹಿಡಿದು ಔಷಧಿ ಹನಿಸುತ್ತಾಳೆ. ಕೆಂಪಾದರೆ ಗಡಸು, ನೀಲಿಯಾದರೆ ಮೆದು. ಒಂದು ದಿನವೂ ನೀಲಿ ತಪ್ಪಿಲ್ಲ. ಆದರೂ ಟ್ಯಾಂಕು ಬೆಳ್ಳಗೆ. ಜೊತೆಗೆ ಆಸಿಡ್ ಕ್ಯಾನುಗಳು ಮೊದಲಿಗಿಂತ ಬೇಗ ಖಾಲಿಯಾಗುತ್ತಿವೆ.

ಇವಳನ್ನು ನಾನು ವಿಲನ್ ಮಾಡಬೇಕೆಂದಿದ್ದೆ. ಇಂಗ್ಲಿಷ್ ಮಾತಾಡುವ ಹುಡುಗಿ, ಬಡ ಹೆಂಗಸಿನ ಕೆಲಸ ಕಿತ್ತುಕೊಳ್ಳುವವಳು. ನಿಮಗೂ ಸುಲಭ, ನನಗೂ ಸುಲಭ. ಮೂರು ಸಾಲು ಬರೆಯುವಷ್ಟರಲ್ಲಿ ಹಿತ್ತಲ ಬಾಗಿಲಿನಲ್ಲಿ ನಿಂತಿದ್ದಳು, ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು. (ಬಸ್ಸಿನಲ್ಲಿ ಓಡಾಡುವವಳಿಗೆ ಹೆಲ್ಮೆಟ್ ಯಾಕೆ ಕೊಟ್ಟೆನೋ ತಿಳಿಯದು. ಹೊಡೆದು ಹಾಕಬೇಕು.)

"ಅಜ್ಜಿ, ಬರೀರಿ, ಬೇಡ ಅನ್ನಲ್ಲ. ಆದ್ರೆ ಲಾಜಿಕ್ ನೋಡಿ. ನೀರು ಸರಿ ಇದೆ. ಕೆಮಿಕಲ್ ಸರಿ ಇದೆ. ಪಂಪ್ ಸರಿ ಇದೆ. ಉಳಿದಿದ್ದು ಯಾರು?"

ನಾನು ಬರೆದಿದ್ದ ಮೂರು ಸಾಲು ಹೊಡೆದು ಹಾಕಿದೆ.

"ಎರಡು ಬ್ಯಾಚ್ ಬಿಯರ್ ಚರಂಡಿಗೆ ಸುರಿದಿದ್ದೀನಿ. ಸರ್ ನನ್ನ ಮೇಲೆ ಕೂಗಾಡ್ತಿದ್ದಾರೆ. ಹುಡುಗೀನ ಇಟ್ಕೊಂಡಿದ್ದೇ ತಪ್ಪಾಯ್ತು ಅಂತ ಫೋನಲ್ಲಿ ಯಾರಿಗೋ ಅಂದ್ರು, ಕೇಳಿಸ್ಲಿ ಅಂತಾನೇ ಅಂದ್ರು."

ಸರ್ ಎಂದರೆ ಮಾಲೀಕ ಗಂಗಾಧರ್. ಆಸಿಡ್ ಯಾರಿಗೋ ಮಾರಾಟವಾಗುತ್ತಿದೆ, ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ತುಂಬುವವರಿಗೆ ಎಂದು ಅವರೇ ತೀರ್ಮಾನಿಸಿದರು. ಟ್ಯಾಂಕಿಗೆ ಹಾಕಬೇಕಾದ್ದು ಮನೆಗೆ ಹೋದರೆ ಟ್ಯಾಂಕು ಬೆಳ್ಳಗಿರದೆ ಇನ್ನೇನು? ಅಂದಿನಿಂದ ಗೇಟಿನಲ್ಲಿ ಓಬಳಮ್ಮನ ಬುತ್ತಿಚೀಲ ಬಿಚ್ಚಿಸುತ್ತಾರೆ. ಡಬ್ಬಿ ತೆಗೆದು ಮೂಸುತ್ತಾರೆ. ಗೇಟಿನವನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವನು, ಈಗ ಏನಮ್ಮ ಎನ್ನುತ್ತಾನೆ. ಡಬ್ಬಿ ಮೂಸಿದ್ದಕ್ಕಿಂತ ಅದು ಜಾಸ್ತಿ ತಾಗಿದೆ ಅವಳಿಗೆ.

ಬರುವ ಶುಕ್ರವಾರ ಸಂಜೆ ಮಾಲೀಕರೇ ಬಂದು ಎದುರಿಗೆ ನಿಂತು ಟ್ಯಾಂಕ್ ತೊಳೆಸುತ್ತಾರೆ. ಪಲ್ಲವಿಯೂ ಅಂದು ಬಸ್ಸು ಬಿಟ್ಟು ಉಳಿಯುತ್ತಾಳೆ. ತೊಳೆದ ಮೇಲೂ ಬಿಳಿ ಕಂಡರೆ ಓಬಳಮ್ಮನಿಗೆ ಶನಿವಾರ ಕೆಲಸವಿಲ್ಲ.

೪ (ಮೊದಲ ಕರಡು, ಹೊಡೆದು ಹಾಕಿದ್ದು)

ಸ್ಟೋರ್ ನೋಡಿಕೊಳ್ಳುವ ರೇವಣಸಿದ್ದಯ್ಯ ಉಪ್ಪಿನ ಮೂಟೆಗಳನ್ನು ಹೋಟೆಲಿನವರಿಗೆ ಮಾರುತ್ತಿದ್ದ.

ಒಪ್ಪಿಕೊಳ್ಳಿ, ನೀವೂ ಇದನ್ನೇ ಅಂದುಕೊಂಡಿರಿ. ಕಥೆಯಲ್ಲಿ ಸ್ಟೋರಿನವನು ಬಂದರೆ ಸಾಕು, ಓದುವವರು ಅವನ ಜೇಬು ಮುಟ್ಟಿ ನೋಡುತ್ತಾರೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೆಲಸ ಮಾತ್ರ ಬಿಯರ್ ಫ್ಯಾಕ್ಟರಿಯಲ್ಲಿ. ಅನುಮಾನಕ್ಕೆ ಇನ್ನೇನು ಬೇಕು?

ಅವರು ಗುಬ್ಬಿಯವರು. ನನ್ನ ಅಡುಗೆಮನೆಗೆ ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಕುರ್ಚಿಯ ತುದಿಯಲ್ಲಿ ಕೂತರು.

"ತಾಯಿ, ನಾನು ಸ್ಟೋರ್ ನೋಡ್ಕೊಳ್ಳೋನು. ಬಿಯರ್ ಕಡೆ ತಿರುಗಿ ನೋಡಿದವನಲ್ಲ. ಒಂದು ಬೋಲ್ಟು ಆಚೆ ಹೋಗಿಲ್ಲ ನನ್ನ ಕಾಲದಲ್ಲಿ. ಎಣಿಸ್ಕೊಳ್ಳಿ ಬೇಕಾದ್ರೆ."

ಎಣಿಸಿದೆ. (ಬರೆಯುವವಳಿಗೆ ಅದೊಂದು ಅನುಕೂಲ, ಬೀಗ ತೆಗೆಸದೆ ಒಳಗೆ ಹೋಗಬಹುದು.) ಮೂಟೆ ಕಡಿಮೆಯಾಗಿರಲಿಲ್ಲ. ಬದಲಿಗೆ ಇರಬೇಕಾದ್ದಕ್ಕಿಂತ ಹೆಚ್ಚಿದ್ದವು, ಸೂರು ಮುಟ್ಟುವ ಹಾಗೆ ಒಂದರ ಮೇಲೊಂದು. ಕಳ್ಳತನವಾದ ಸ್ಟೋರಿನಲ್ಲಿ ಸಾಮಾನು ಹೆಚ್ಚಾಗುವುದನ್ನು ನಾನು ಎಲ್ಲೂ ಓದಿರಲಿಲ್ಲ. ಇದು ನನ್ನ ಕಥೆಯ ತಪ್ಪೋ ಸ್ಟೋರಿನ ತಪ್ಪೋ ತಿಳಿಯದೆ ಕರಡು ಹೊಡೆದು ಹಾಕಿ ಬುಟ್ಟಿಗೆ ಎಸೆದೆ.

೪ (ಎರಡನೆಯ ಕರಡು)

ಓಬಳಮ್ಮ ನಿಜವಾಗಿಯೂ ಕದ್ದಿದ್ದಾಳೆ.

ಇದನ್ನು ಬರೆಯುವಾಗ ಅವಳು ಅಲ್ಲೇ ನೆಲದ ಮೇಲೆ ಕೂತಿದ್ದಳು. ನಾನು ಬರೆಯುವುದನ್ನು ಅವಳಿಗೆ ಓದಲು ಬಾರದು ಅಂದುಕೊಂಡಿದ್ದೆ. ಓದುತ್ತಾಳೆ. ಅಷ್ಟು ವರ್ಷ ಕ್ಯಾನುಗಳ ಮೇಲಿನ ಅಕ್ಷರ ನೋಡಿ ನೋಡಿ ಕಲಿತಿದ್ದಾಳಂತೆ. ಅದನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ.

"ಕದ್ದು ಎಲ್ಲಿಕ್ಕನ ಅಕ್ಕ?" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ನನ್ನ ಮನೆ ನೋಡಿದ್ದೀರಾ? ಆಸಿಡ್ ಕ್ಯಾನು ಇಟ್ರೆ ನಾವು ಆಚೆ ಮಲೀಕ್ಕಬೇಕು."

ಹಾಗಾದರೆ ಕ್ಯಾನು ಯಾಕೆ ಬೇಗ ಖಾಲಿಯಾಗುತ್ತಿದೆ ಎಂದು ಕೇಳಿದೆ. ಬಿಳುಪು ಹೋಗಲಿ ಎಂದು ಒಂದಕ್ಕೆ ಒಂದೂವರೆ ಸುರಿದಿದ್ದೇನೆ ಎಂದಳು. ಮೇಡಂ ಬೈಯುತ್ತಾರಲ್ಲ, ಬೆಳ್ಳಗಿದ್ದರೂ ಬೈಗುಳ, ಖಾಲಿಯಾದರೂ ಬೈಗುಳ, ಯಾವುದಾದರೂ ಒಂದು ತಪ್ಪಲಿ ಎಂದು. ಈ ಮಾತನ್ನು ಪಲ್ಲವಿಗೆ ಹೇಳಿದೆಯಾ ಎಂದರೆ, ಹೇಳಿದ್ದಾಳೆ. ಕದ್ದವರು ಹೇಳುವುದೇ ಹಾಗೆ ಎಂದು ಮಾಲೀಕರು ಅಂದರಂತೆ.

ನಾನು ಅವಳ ಮುಖವನ್ನೇ ನೋಡುತ್ತ ಕೂತೆ. ನನಗೆ ತಾಳ್ಮೆ ಜಾಸ್ತಿ, ಅಕ್ಕಿಯ ಕಲ್ಲು ಆರಿಸಿದವಳು. ಕದ್ದ ಕಳೆ ಅವಳ ಮುಖದಲ್ಲಿರಲಿಲ್ಲ. ಆದರೆ ಏನೋ ಒಂದಿತ್ತು. ಮುಚ್ಚಿಟ್ಟುಕೊಂಡ ಕಳೆಯೂ ಅಲ್ಲ, ಮುಚ್ಚಿಟ್ಟದ್ದು ತನಗೇ ಗೊತ್ತಿಲ್ಲದವರ ಕಳೆ. (ಈ ಸಾಲು ಚೆನ್ನಾಗಿದೆ ಎನ್ನಿಸಿತು. ಚೆನ್ನಾಗಿದೆ ಎನ್ನಿಸಿದ ಸಾಲುಗಳ ಮೇಲೆ ನನಗೆ ಯಾವತ್ತೂ ಅನುಮಾನ. ಆದರೂ ಇರಲಿ.)

೫

ಈಗ ನಿಧಾನವಾಗಿ ಓದಿ. ನಾನೂ ನಿಧಾನವಾಗಿಯೇ ಕಂಡುಹಿಡಿದದ್ದು.

ಪಲ್ಲವಿ ಶಿವರಾತ್ರಿಯ ಮಾರನೆಯ ವಾರ ಒಂದು ಹೊಸ ಪದ್ಧತಿ ಮಾಡಿದ್ದಳು. ಬೇಸಿಗೆಗೆ ಬೋರಿನ ನೀರು ಕೆಳಗೆ ಹೋಗುತ್ತದೆ, ಗಡಸು ಹೆಚ್ಚುತ್ತದೆ, ಬೆಳಿಗ್ಗೆ ಹಾಕಿದ ಉಪ್ಪು ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಆದ್ದರಿಂದ ಸಂಜೆ ಟ್ಯಾಂಕ್ ತೊಳೆಯುವ ಮುಂಚೆ ಸಾಫ್ಟ್‌ನರಿಗೆ ಇನ್ನೊಮ್ಮೆ ಉಪ್ಪು ಹಾಕಬೇಕು. ಸ್ಟೋರಿನಿಂದ ಈಸಿಕೊಂಡು ಹಾಕುವವಳು ಓಬಳಮ್ಮ. ಅದನ್ನು ಎಲ್ಲರಿಗೂ ಹೇಳಿ, ಗೋಡೆಯ ಮೇಲೂ ಬರೆಸಿ, ಕುಣಿಗಲ್ ಬಸ್ಸು ಹತ್ತುತ್ತಿದ್ದಳು. ಬಸ್ಸಿನಿಂದ ಫೋನ್ ಮಾಡಿ ಎಲ್ಲಾ ಆಯ್ತಾ ಎಂದು ಕೇಳುತ್ತಿದ್ದಳು. ಆಯ್ತು ಮೇಡಂ ಎನ್ನುತ್ತಿದ್ದಳು ಓಬಳಮ್ಮ.

ಸರಿ, ಆ ಸಂಜೆಯನ್ನು ಬರೆಯೋಣ ಎಂದು ಕೂತೆ. ಹೀಗೆ ಬರೆದೆ: "ಹೊತ್ತು ಮುಳುಗಿತು. ರೇವಣಸಿದ್ದಯ್ಯ ಸ್ಟೋರಿನ ಗೂಡಿನಲ್ಲಿರುವ ಶಿವನ ಪಟಕ್ಕೆ ದೀಪ ಹಚ್ಚಿದರು. ಓಬಳಮ್ಮ ಖಾಲಿ ಬಕೆಟ್ಟು ಹಿಡಿದು ಬಂದಳು. ರೇವಣಸಿದ್ದಯ್ಯ ಮೂಟೆ ಬಿಚ್ಚಿ"

ಮುಂದೆ ಪೆನ್ನು ಓಡಲಿಲ್ಲ.

ಎದ್ದು ಕಾಫಿ ಕುಡಿದು ಬಂದೆ. ಮತ್ತೆ ಬರೆದೆ. ಮತ್ತೆ ಮೂಟೆ ಬಿಚ್ಚಿದಲ್ಲಿಗೆ ನಿಂತಿತು. ಬೇರೆ ಹಾಳೆಯಲ್ಲಿ ಬರೆದರೂ ಅಷ್ಟೇ. ಹಳೆಯ ಕರಡುಗಳನ್ನು ಕಸದ ಬುಟ್ಟಿಯಿಂದ ತೆಗೆದು ಮಡಿಕೆ ಬಿಡಿಸಿ ನೋಡಿದೆ. ಬೆಳಿಗ್ಗೆಯ ಉಪ್ಪು ಎಲ್ಲದರಲ್ಲೂ ಇದೆ. ಸಂಜೆಯ ಉಪ್ಪು ಒಂದರಲ್ಲೂ ಇಲ್ಲ. ಪಲ್ಲವಿಯ ಪದ್ಧತಿ ಬರೆದವಳು ನಾನೇ, ಅದನ್ನು ಪಾಲಿಸಿದ್ದನ್ನು ಮಾತ್ರ ಒಮ್ಮೆಯೂ ಬರೆದಿಲ್ಲ. ಮರೆತಿರಲಿಲ್ಲ. ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದನ್ನು ಬರೆಯಲು ನನ್ನ ಕೈ ಬರಲಿಲ್ಲ, ಅಷ್ಟೇ.

ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ನಿಮ್ಮ ಮನೆಯಲ್ಲಿ ಹಿರಿಯರನ್ನು ಕೇಳಿ. ಮುಸ್ಸಂಜೆಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ಹೊಸ್ತಿಲು ದಾಟಬಾರದು, ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ. ಕೊಡುವುದಿಲ್ಲ. ಕೊಡುವುದಿಲ್ಲ ಎಂದು ಗೊತ್ತಿರುವುದರಿಂದ ಯಾರೂ ಕೇಳುವುದೂ ಇಲ್ಲ. ಕೇಳದೆ ಇರುವುದರಿಂದ ಕೊಡಲಿಲ್ಲ ಎನ್ನುವ ಮಾತೂ ಹುಟ್ಟುವುದಿಲ್ಲ. ಯಾರ ಮನೆಯಲ್ಲೂ ಇದನ್ನು ಬಾಯಿಬಿಟ್ಟು ಹೇಳಿ ಕೊಡುವುದಿಲ್ಲ, ಉಸಿರಾಡುವುದನ್ನು ಹೇಳಿಕೊಡುತ್ತಾರಾ?

ಸ್ಟೋರಿನಲ್ಲಿ ಮೂಟೆ ಹೆಚ್ಚಿದ್ದದ್ದು ಅದಕ್ಕೇ. ಪಲ್ಲವಿಯ ಬೆಳಗಿನ ಸೀಸೆ ನೀಲಿಯಾಗಿದ್ದೂ ಸಂಜೆ ತೊಳೆದ ಟ್ಯಾಂಕು ಬೆಳ್ಳಗಾದದ್ದೂ ಅದಕ್ಕೇ.

೬

ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ. ರೇವಣಸಿದ್ದಯ್ಯನವರಿಗೆ ಮೊದಲು ನಾನು ಕೇಳಿದ್ದೇ ಅರ್ಥವಾಗಲಿಲ್ಲ. ಆಮೇಲೆ, ನಾನು ಕೊಡಲ್ಲ ಅಂದಿಲ್ಲ ತಾಯಿ, ಆಯಮ್ಮ ಕೇಳಲಿಲ್ಲ ಎಂದರು. ಓಬಳಮ್ಮ, ಸ್ವಾಮ್ಯೋರು ದೀಪ ಹಚ್ಚಿರೋದು ಕಾಣ್ತಿತ್ತಲ್ಲ, ಹೆಂಗ್ ಕೇಳನ ಎಂದಳು. ಇಬ್ಬರೂ ನನ್ನ ಕಡೆ ನೋಡಿದರು, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಅದು ಮನೆಯ ಉಪ್ಪಲ್ಲ, ಮಿಷಿನ್ನಿಗೆ ಹಾಕುವ ಉಪ್ಪು, ಊಟಕ್ಕೂ ಬರುವುದಿಲ್ಲ ಎಂದೆ.

"ಲಕ್ಷ್ಮಿಗೆ ಅದು ಗೊತ್ತಾಗ್ತದಾ ತಾಯಿ?" ಎಂದರು ರೇವಣಸಿದ್ದಯ್ಯ. "ಉಪ್ಪು ಆಚೆ ಹೋಯ್ತು ಅಂತ ಮಾತ್ರ ಗೊತ್ತಾಗ್ತದೆ."

ಹಾಗಾದರೆ ಆಯ್ತು ಮೇಡಂ ಎಂದು ದಿನಾ ಯಾಕೆ ಹೇಳಿದೆ ಎಂದು ಓಬಳಮ್ಮನನ್ನು ಕೇಳಿದೆ. ಅವಳು ತನ್ನ ಕಾಲ್ಬೆರಳು ನೋಡಿಕೊಂಡಳು. "ಬೆಳಿಗ್ಗೆ ಹಾಕಿದ್ದು ಇರ್ತದಲ್ಲಕ್ಕ. ಸಾರಿಗೆ ಬೆಳಿಗ್ಗೆ ಉಪ್ಪು ಹಾಕಿದ್ರೆ ಸಂಜೆಗೂ ಇರಾಕಿಲ್ವಾ? ಹಂಗೇ ಅಂದ್ಕಂಡೆ."

ಆಮೇಲೆ ರೇವಣಸಿದ್ದಯ್ಯ ಎದ್ದು ಹೋದ ಮೇಲೆ ಇನ್ನೊಂದು ಮಾತು ಹೇಳಿದಳು. ಬೆಳಿಗ್ಗೆ ಉಪ್ಪು ಕೊಡುವಾಗಲೂ ಅವರು ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲೆ ಇಟ್ಟು ಸರಿಯುತ್ತಾರೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಅದಕ್ಕೆ ಇರಬಹುದು ಎಂದೆ.

"ಇರ್ಬೋದು. ಉಪ್ಪು ಅಂತ ಇಡ್ತಾರೋ, ನಾನು ಅಂತ ಇಡ್ತಾರೋ. ಕೇಳಿಲ್ಲ ನಾನು."

ನಾನೂ ಕೇಳಲಿಲ್ಲ. ಬರೆದವಳು ನಾನೇ ಆದರೂ ಅವರ ಮನಸ್ಸಿನ ಆ ಮೂಲೆಗೆ ನನ್ನ ಹತ್ತಿರ ಬೀಗದ ಕೈ ಇಲ್ಲ. ಅಥವಾ ಇದೆ, ತೆಗೆದು ನೋಡಲು ಧೈರ್ಯವಿಲ್ಲ.

೭ (ಉಪಸಂಹಾರ, ಒಂದು)

ಓದುಗರಲ್ಲಿ ಬುದ್ಧಿವಂತರು ಇಷ್ಟು ಹೊತ್ತಿಗೆ ಕೂಗಿರುತ್ತೀರಿ: ಸಂಜೆಯ ಉಪ್ಪನ್ನೂ ಬೆಳಿಗ್ಗೆಯೇ ತೆಗೆದು ಸಾಫ್ಟ್‌ನರ್ ಪಕ್ಕ ಇಟ್ಟುಬಿಟ್ಟರೆ ಆಯಿತಲ್ಲ. ದೀಪಕ್ಕೂ ಅಡ್ಡಿಯಿಲ್ಲ, ಲಕ್ಷ್ಮಿಗೂ ತಿಳಿಯುವುದಿಲ್ಲ.

ಬರೆದೆ. ರೇವಣಸಿದ್ದಯ್ಯ ಖುಷಿಯಿಂದ ಒಪ್ಪಿ ಬೆಳಿಗ್ಗೆಯೇ ಎರಡು ಮೂಟೆ ಇಳಿಸಿದರು. ಶುಕ್ರವಾರ ಸಂಜೆ ಓಬಳಮ್ಮ ಯಾರನ್ನೂ ಕೇಳದೆ ಉಪ್ಪು ಹಾಕಿದಳು. ಮಾಲೀಕರು ನಿಂತು ನೋಡಿದರು, ಪಲ್ಲವಿ ನಿಂತು ನೋಡಿದಳು. ಟಾರ್ಚ್ ಬಿಟ್ಟರೆ ಟ್ಯಾಂಕಿನೊಳಗೆ ಮುಖ ಕಂಡಿತು.

ಚೆನ್ನಾಗಿದೆ ಎಂದು ಪೆನ್ನು ಮುಚ್ಚುವಷ್ಟರಲ್ಲಿ ಮಾಲೀಕರು ಬಾಯಿ ತೆರೆದರು. ನಾನು ಅವರಿಗೆ ಮಾತು ಕೊಟ್ಟಿರಲೇ ಇಲ್ಲ.

"ನೋಡಿದ್ಯೇನಮ್ಮ ಪಲ್ಲವಿ. ನಾವು ಎದುರಿಗಿದ್ದ ದಿನ ಹೆಂಗೆ ಫಳಫಳ ಅಂತದೆ. ಅಂದ್ಮೇಲೆ ಇಷ್ಟು ದಿನ ಆಸಿಡ್ ಎಲ್ಲಿಗೆ ಹೋಯ್ತು?"

ಟ್ಯಾಂಕು ಬೆಳ್ಳಗಿದ್ದರೂ ಓಬಳಮ್ಮನೇ ಕಳ್ಳಿ, ಫಳಫಳ ಎಂದರೂ ಅವಳೇ. ಈ ಉಪಸಂಹಾರ ಹೊಡೆದು ಹಾಕಿದೆ.

೭ (ಉಪಸಂಹಾರ, ಎರಡು)

ನಿಜವನ್ನು ಪಲ್ಲವಿಗೆ ಹೇಳಿಬಿಡುವುದು.

ಹೇಳುವ ಮುಂಚೆ ಅವಳನ್ನು ಸುಮ್ಮನೆ ಕೇಳಿದೆ, ನಿಮ್ಮ ಮನೆಯಲ್ಲಿ ಮುಸ್ಸಂಜೆ ಉಪ್ಪು ಕೊಡುತ್ತೀರಾ ಎಂದು.

"ಅಮ್ಮ ಕೊಡಲ್ಲಪ್ಪ. ಯಾಕಜ್ಜಿ?"

ಏನಿಲ್ಲ ಎಂದೆ. ಅವಳು ನನ್ನನ್ನು ಎರಡು ಸಲ ತಿರುಗಿ ನೋಡಿಕೊಂಡು ಹೋದಳು. ಅವಳ ಮನೆಯ ಗೋಡೆಯ ಮೇಲೆ ಬರೆಯದೆ ಇರುವುದು ಅವಳು ಫ್ಯಾಕ್ಟರಿಯ ಗೋಡೆಯ ಮೇಲೆ ಬರೆದದ್ದಕ್ಕಿಂತ ಗಟ್ಟಿ ಎಂದು ಅವಳಿಗೆ ಹೊಳೆಯಲಿಲ್ಲ. ಮನೆಯ ಉಪ್ಪು ಒಂದು, ಫ್ಯಾಕ್ಟರಿಯ ಉಪ್ಪು ಒಂದು ಅವಳಿಗೆ. ನಾನು ಹೇಳಿಬಿಡಬಹುದಿತ್ತು. ಓಬಳಮ್ಮ ಬೇಡ ಎಂದಳು.

ಅವಳ ಲೆಕ್ಕ ಕೇಳಿ. ಉಪ್ಪು ಹಾಕಿರಲಿಲ್ಲ ಎಂದರೆ ಆಸಿಡ್ ಕದ್ದಿಲ್ಲ ಎಂದಾಗುತ್ತದೆ. ಆದರೆ ದಿನಾ ಆಯ್ತು ಮೇಡಂ ಎಂದದ್ದು ಸುಳ್ಳು ಎಂದಾಗುತ್ತದೆ. ಎರಡು ಬ್ಯಾಚು ಚರಂಡಿಗೆ ಹೋದದ್ದು ಅವಳ ತಲೆಯ ಮೇಲೆ ಬರುತ್ತದೆ. ರೇವಣಸಿದ್ದಯ್ಯ ನಾನು ಕೊಡಲ್ಲ ಅಂದಿಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಕಳ್ಳಿ ಎಂದು ಕಳಿಸುವ ಬದಲು ಸುಳ್ಳಿ ಎಂದು ಕಳಿಸುತ್ತಾರೆ, ಗೇಟಿನವನಿಗೆ ಎರಡಕ್ಕೂ ಏನಮ್ಮ ಎನ್ನುವುದೇ ಬಾಯಿಗೆ ಬರುವುದು.

ಹಾಗಿದ್ದರೆ ನಾನೇ ಕಥೆಗಾರ್ತಿಯಾಗಿ ಬಂದು ಮಾಲೀಕರ ಮುಂದೆ ನಿಂತು, ತಪ್ಪು ನನ್ನದು, ನಾನೇ ಸಂಜೆಯ ಉಪ್ಪು ಬರೆಯಲಿಲ್ಲ ಎಂದು ಹೇಳಿದರೆ?

ಓಬಳಮ್ಮ ನಕ್ಕುಬಿಟ್ಟಳು. "ಬುಡಿ ಅಕ್ಕ. ನಿಮ್ಮನ್ನ ಗೇಟ್ ಒಳಗೇ ಬುಡಾಕಿಲ್ಲ. ಚೀಲ ಮೂಸಿ ವಾಪಸ್ ಕಳುಸ್ತಾನೆ."

೮

ಕೊನೆಗೆ ದಾರಿ ಹುಡುಕಿದ್ದು ಅವಳೇ. ನನಗೆ ಇಷ್ಟವಾಗಲಿಲ್ಲ, ಈಗಲೂ ಇಲ್ಲ.

ಶುಕ್ರವಾರ ಸಂಜೆ ಮಾಲೀಕರೂ ಪಲ್ಲವಿಯೂ ಅಲ್ಲೇ ನಿಂತಿರುತ್ತಾರಲ್ಲ. ರೇವಣಸಿದ್ದಯ್ಯ ದೀಪ ಹಚ್ಚುವವರೆಗೆ ಕಾಯುತ್ತಾಳಂತೆ. ಹಚ್ಚಿದ ಮೇಲೆ ಬಕೆಟ್ಟು ಹಿಡಿದು ಸ್ಟೋರಿನ ಬಾಗಿಲಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಉಪ್ಪು ಕೊಡಿ ಎಂದು ಕೇಳುತ್ತಾಳಂತೆ.

"ಕೊಡ್ಲಿ, ಬುಡ್ಲಿ. ಕೇಳಿದ್ದು ಮೇಡಂ ಕಿವಿಗೆ ಬೀಳ್ಬೇಕು. ಸ್ವಾಮ್ಯೋರ ಮುಖ ಏನಾಯ್ತದೆ ಅನ್ನಾದು ಆಯಮ್ಮ ನೋಡ್ಬೇಕು. ಆಯಮ್ಮನೂ ಕುಣಿಗಲ್ಲೋಳೇ ತಾನೇ, ಹೊಟ್ಟೆಯೊಳಗೆ ಚುಳುಕ್ ಅನ್ನದೇ ಇರ್ತದಾ? ಆಗ ಗೊತ್ತಾಯ್ತದೆ ದಿನಾ ನಂಗೇನಾಗ್ತಿತ್ತು ಅಂತ."

ಇದು ನನಗೆ ಹೊಳೆಯದೆ ಹೋಯಿತಲ್ಲ ಎಂದು ಹೊಟ್ಟೆಕಿಚ್ಚಾಯಿತು. ಕೂಡಲೇ ಅನುಮಾನವೂ ಬಂತು. ಪಲ್ಲವಿಗೆ ಚುಳುಕ್ ಎನ್ನದಿದ್ದರೆ? ಈಗಿನವಳು, ಕೊಡ್ರೀ ಸ್ವಾಮಿ, ಅದ್ರಲ್ಲೇನಿದೆ ಎಂದುಬಿಟ್ಟರೆ? ರೇವಣಸಿದ್ದಯ್ಯ ಮಾಲೀಕರಿಗೆ ಹೆದರಿ ಸರಕ್ಕನೆ ಎತ್ತಿ ಕೊಟ್ಟುಬಿಟ್ಟರೆ? ಆಗ ಎಲ್ಲರೂ ಓಬಳಮ್ಮನ ಕಡೆ ತಿರುಗಿ, ಕೇಳಿದರೆ ಕೊಡುತ್ತಿದ್ದರಲ್ಲ, ಇಷ್ಟು ದಿನ ಯಾಕೆ ಕೇಳಲಿಲ್ಲ ಎನ್ನುತ್ತಾರೆ. ಅದೂ ಶುಕ್ರವಾರ ಬೇರೆ, ಲಕ್ಷ್ಮಿಯ ದಿನ. (ಮಾಲೀಕರು ಬರುವ ದಿನವನ್ನು ಬುಧವಾರಕ್ಕೆ ಬದಲಾಯಿಸಲು ನೋಡಿದೆ. ಮೇಲೆ ಬರೆದಾಗಿದೆ, ನೀವು ಓದಿಯೂ ಆಗಿದೆ.)

ಇದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿಸಿಕೊಂಡಳು.

"ಅವ್ರು ಏನಂತಾರೋ ಅನ್ಲಿ ಅಕ್ಕ. ಮೊದ್ಲು ನನ್ ಬಾಯಲ್ಲಿ ಅದು ಬರ್ಬೇಕಲ್ಲ. ಅದೇ ಬರಾಕಿಲ್ಲ ಅಂತದೆ."

೯

ಇವತ್ತು ಗುರುವಾರ.

ಹೊತ್ತು ಮುಳುಗಿದೆ. ಮರಳೂರಿನ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರು ಹಾರ್ನ್ ಹೊಡೆದು ಹೋಯಿತು. ನಾನು ದೇವರ ಮುಂದೆ ದೀಪ ಹಚ್ಚಿ, ಕೈಮುಗಿದು, ಈ ಹಾಳೆಗಳ ಮುಂದೆ ಬಂದು ಕೂತಿದ್ದೇನೆ. ಹಿತ್ತಲ ಬಾಗಿಲ ಸದ್ದಾಯಿತು.

ಓಬಳಮ್ಮ. ಯಾವತ್ತೂ ಒಳಗೆ ಬಂದು ಗೋಡೆಗೊರಗುವವಳು ಇವತ್ತು ಹೊಸ್ತಿಲಾಚೆಯೇ ನಿಂತಳು. ಗೇಟಿನಲ್ಲಿ ಮೂಸಿಸಿಕೊಂಡು ಬಂದ ಬುತ್ತಿಡಬ್ಬಿ ಕೈಯಲ್ಲಿದೆ. ಮುಚ್ಚಳ ತೆಗೆದಿದ್ದಾಳೆ, ಖಾಲಿ ಡಬ್ಬಿ. ಇವತ್ತು ಇವಳನ್ನು ನಾನು ಕರೆದಿಲ್ಲ. ಈ ಪ್ಯಾರಾದಲ್ಲಿ ಇವಳ ಹೆಸರೇ ಇರಲಿಲ್ಲ.

ಏನು ಎಂದೆ.

ಬಾಯಿ ತೆರೆದಳು, ಮುಚ್ಚಿದಳು. ನನ್ನ ಹಿಂದೆ ಉರಿಯುತ್ತಿದ್ದ ದೀಪ ನೋಡಿದಳು. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ನಾನು ಕಾದೆ. ಕಾಯುವುದೊಂದು ನನಗೆ ಚೆನ್ನಾಗಿ ಬರುತ್ತದೆ.

"ಅಕ್ಕ," ಎಂದಳು. "ಒಂದ್ ಹಿಡಿ ಉಪ್ಪು ಕೊಡಿ."

ಹೇಳಿಬಿಟ್ಟಳು. ಮುಖ ಸುಟ್ಟವಳ ಹಾಗೆ ಕೆಂಪಾಗಿತ್ತು. ಹೇಳಿದ ಮೇಲೆ ತಲೆ ಬಗ್ಗಿಸಲಿಲ್ಲ. ಡಬ್ಬಿ ಮುಂದೆ ಚಾಚಿದಳು, ಕಟ್ಟೆಯ ಮೇಲೆ ಇಡಲಿ ಎಂದಲ್ಲ, ಕೈಗೇ ಕೊಡಲಿ ಎಂದು.

ಉಪ್ಪಿನ ಭರಣಿ ಒಲೆಯ ಪಕ್ಕ ಇದೆ. ಎದ್ದು ಹೋಗಿ ಅದರ ಮುಚ್ಚಳದ ಮೇಲೆ ಕೈ ಇಟ್ಟಿದ್ದೇನೆ. ಇದು ನಾಟಕ, ನಾಳೆಗೆ ಅಭ್ಯಾಸ, ಈ ಉಪ್ಪು ನಾನೇ ಬರೆದ ಉಪ್ಪು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನನ್ನ ಕೈ ಕೇಳುತ್ತಿಲ್ಲ. ಈ ಕೈ ಕೊಟ್ಟರೆ ರೇವಣಸಿದ್ದಯ್ಯನ ಕೈಯೂ ಕೊಡುತ್ತದೆ ಎಂದು ನನಗೆ ಗೊತ್ತು, ಅವರು ನನ್ನ ಕೈಯಿಂದಲೇ ಬಂದವರು. ಕೊಡದಿದ್ದರೆ ಏನಾಗುತ್ತದೆ ಎಂದೂ ಗೊತ್ತು.

ಓಬಳಮ್ಮ ಹೊಸ್ತಿಲಲ್ಲಿ ನಿಂತಿದ್ದಾಳೆ. ಇನ್ನೂ ನಿಂತಿದ್ದಾಳೆ. ನಾನು ಇಲ್ಲಿಂದ ಮುಂದೆ ಬರೆಯುವುದಿಲ್ಲ. ಅವಳು ನನ್ನನ್ನು ಬಿಟ್ಟು ನಿಮ್ಮ ಕಡೆ ತಿರುಗಿದರೂ ತಿರುಗಿಯಾಳು, ಇಷ್ಟು ಹೊತ್ತು ಅನುಮಾನಿಸಿದವರಲ್ಲಿ ನೀವೂ ಒಬ್ಬರು.

ಉಪ್ಪಿನ ಡಬ್ಬಿ ನಿಮ್ಮ ಮನೆಯಲ್ಲೂ ಕೈಗೆಟುಕುವಲ್ಲೇ ಇರುತ್ತದೆ. ನೀವು ಇದನ್ನು ಓದುತ್ತಿರುವುದು ಯಾವ ಹೊತ್ತಿನಲ್ಲಿ ಎಂದು ಮಾತ್ರ ನನಗೆ ತಿಳಿಯದು.

ದೀಪ ಹಚ್ಚಿದ್ದೀರಾ?